ಪವರ್ ಸ್ಟೀರಿಂಗ್ ಬಿಚ್ಚಿದ ಹಳೆಯ ವ್ಯಾನು

ತೋಟದ ಕೆಲಸಕ್ಕೆ ಹಳೆಯ ವ್ಯಾನು ಕೊಳ್ಳುವುದು ನಮ್ಮ ಬೆಳೆಗಾರರಲ್ಲಿ ವಾಡಿಕೆ. ಇಂಥ ಕೆಲವು ವ್ಯಾನುಗಳಲ್ಲಿ ಪವರ್ ಸ್ಟೀರಿಂಗಿನ ಎಣ್ಣೆ ಸೋರುತ್ತದೆಂದು, ರಿಪೇರಿಯ ಖರ್ಚು ಉಳಿಸಲು ಪಂಪಿನ ಬೆಲ್ಟನ್ನೇ ತೆಗೆದಿರುತ್ತಾರೆ. “ಹಿಂದೆ ಪವರ್ ಸ್ಟೀರಿಂಗ್ ಎಲ್ಲಿತ್ತು? ಆಗ ಗಾಡಿ ಓಡಲಿಲ್ಲವೇ?” ಎಂಬ ಮಾತೂ ಕೇಳಿಬರುತ್ತದೆ. ಇದು ಎಷ್ಟು ಸರಿ ಎಂಬುದನ್ನು ವಿಚಾರ ಮಾಡೋಣ.

1984ರಲ್ಲಿ ಬಂದ ಮಾರುತಿ ವ್ಯಾನಿಗೆ ಪವರ್ ಸ್ಟೀರಿಂಗ್ ಇರಲಿಲ್ಲ, ನಿಜ. ಆದರೆ ಅದು ಹಗುರವಾದ ಗಾಡಿ. ಕೈಬಲಕ್ಕೆ ತಕ್ಕಂತೆಯೇ ಮಾಡಿದ್ದು. ಪವರ್ ಇರುವ ಗಾಡಿಯಲ್ಲಿ ಹೆಚ್ಚಿನ ಬಲವನ್ನು ಪಂಪು ಒತ್ತಿದ ಎಣ್ಣೆ ಕೊಡುತ್ತದೆ. ಬೆಲ್ಟು ತೆಗೆದರೆ ಸ್ಟೀರಿಂಗಿಗೂ ಚಕ್ರಕ್ಕೂ ಇರುವ ಸಂಬಂಧ ಕಡಿಯುವುದಿಲ್ಲ. ಆದರೆ ಆ ಬಲದ ಜೊತೆಗೆ ಒಳಗೆ ಉಳಿದ ಎಣ್ಣೆಯನ್ನು ತಳ್ಳುವ ಬಲವನ್ನೂ ನಮ್ಮ ತೋಳೇ ಕೊಡಬೇಕು.

ವೇಗದಲ್ಲಿ ಈ ಭಾರ ಅಷ್ಟಾಗಿ ತಿಳಿಯದು. ಜಮಖಂಡಿ ತಾಲೂಕಿನ ಸಾವಳಗಿಯಂಥ ಬಯಲುಸೀಮೆಯಲ್ಲಿ ಕಬ್ಬಿನ ಹೊಲಗಳ ನಡುವೆ ನೇರ ರಸ್ತೆಯಲ್ಲಿ ಓಡಿಸಿ ನೋಡಿದವರಿಗೆ ಗಾಡಿ ಸರಿಯಾಗಿಯೇ ಇದೆ ಎನಿಸೀತು. ಅದೇ ಗಾಡಿ ಅಡಿಕೆ ಮೂಟೆ ಹೊತ್ತು ಆಗುಂಬೆ ಘಾಟಿಯ 14 ತಿರುವುಗಳನ್ನು ನಿಧಾನವಾಗಿ ಇಳಿಯುವಾಗ ಬೇರೆಯೇ ಆಗುತ್ತದೆ. ಎರಡು ತಿರುವು ತೋಳು ತಡೆದೀತು. ಹತ್ತನೆಯದರಲ್ಲಿ ಬಸ್ಸು ಎದುರಾದರೆ?

ಬೆಳೆಗಾರರು ಗಮನಿಸಬೇಕಾದ ಅಂಶಗಳು:

1. ಕೊಳ್ಳುವ ಮುನ್ನ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕು ಹಾಕಿ, ಸ್ಟೀರಿಂಗನ್ನು ಒಂದು ಬದಿಗೆ ಮೆಲ್ಲಗೆ ಒತ್ತಿ ಹಿಡಿದು ಇಂಜಿನ್ ಚಾಲೂ ಮಾಡಿರಿ. ಪಂಪು ಕೆಲಸ ಮಾಡುತ್ತಿದ್ದರೆ ಸ್ಟೀರಿಂಗ್ ಕೂಡಲೇ ಹಗುರಾಗುತ್ತದೆ.

2. ಕೆಲವು ಗಾಡಿಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುತ್ತದೆ. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಇಂಥಲ್ಲಿ ಬೆಲ್ಟು ತೆಗೆದರೆ ಇಂಜಿನ್ ಕಾಯುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ.

3. ಎಣ್ಣೆ ಬತ್ತಿದ ಪಂಪನ್ನು ಓಡಿಸಿದರೆ ಅದು ಕಾದು ಹಾಳಾಗುತ್ತದೆ. ಸೋರಿಕೆಯನ್ನು ಮೊದಲೇ ಸರಿಪಡಿಸಿರಿ.

4. ಗ್ಯಾರೇಜಿನವರೆಗೆ ಓಡಿಸಲೇಬೇಕಾದರೆ ಸಮತಟ್ಟು ದಾರಿಯಲ್ಲಿ, ಹಗಲು ಹೊತ್ತು, ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸಿರಿ. ಮುಂದಿನ ಟೈರುಗಳ ಗಾಳಿ ಸರಿಯಾಗಿರಲಿ. ನಿಂತಲ್ಲೇ ತಿರುಗಿಸದೆ, ಚಕ್ರ ಉರುಳುವಾಗ ತಿರುಗಿಸಿರಿ.

5. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡುವ ಚಾಳಿ ಬಿಡಬೇಕು. ಎಷ್ಟೇ ಒಳ್ಳೆಯ ಗಾಡಿಯಾದರೂ ಆಗ ಪವರ್ ಸ್ಟೀರಿಂಗ್ ನಿಲ್ಲುತ್ತದೆ. ಬ್ರೇಕಿನ ನೆರವೂ ಒಂದೆರಡು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ.

ಇಂಥ ಗಾಡಿಯನ್ನು ಘಾಟಿಗೆ ಇಳಿಸುವುದು ಬೇಡವೆಂಬುದೇ ನಮ್ಮ ಸಲಹೆ. ಅದನ್ನು ಸಂಬಳದ ಡ್ರೈವರನ ಕೈಗೆ ಕೊಡುವ ಮಾಲೀಕರು ಮೊದಲು ತಮ್ಮ ಕಣದಲ್ಲೇ ತಾವೇ ಒಂದು ಸುತ್ತು ತಿರುಗಿಸಿ ನೋಡಲಿ. ರಿಪೇರಿಯ ಖರ್ಚು ಏಕೆ ಬೇಕೆಂಬುದನ್ನು ಅವರ ತೋಳೇ ಹೇಳುತ್ತದೆ.