ಹುಳ ಕೂತರೆ ಹೊಸಕಬೇಡ ಅಮ್ಮಣ್ಣಿ

ಅಮ್ಮಣ್ಣಿ, ಹೊಸೂರಿನ ಹಾಸ್ಟೆಲಿಗೆ ಸೇರಿದೀಯ, ಸಿಪ್ಕಾಟ್‌ನಲ್ಲಿ ಫ್ಯಾಕ್ಟರಿಯ ನೈಟ್ ಶಿಫ್ಟು ಬೇರೆ. ಊಟ ನಿದ್ದೆಯ ಬುದ್ಧಿಮಾತು ನಿಮ್ಮಮ್ಮ ಹೇಳಿರ್ತಾಳೆ. ನಾನು ಹೇಳೋದು ಒಂದು ಹುಳದ ವಿಚಾರ.

ಮಳೆ ಬಿಟ್ಟ ಸಂಜೆ ಟ್ಯೂಬ್‌ಲೈಟಿಗೆ ಹುಳಹುಪ್ಪಟೆ ಮುತ್ತುತ್ತಲ್ಲ, ಅದರಲ್ಲಿ ಇದನ್ನು ಗುರುತು ಹಿಡಿ. ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ, ನೋಡೋಕೆ ಸಣಕಲು ಇರುವೆ ಥರ. ತಲೆ ಕಪ್ಪು, ಎದೆ ಕಿತ್ತಳೆ, ನಡುವೆ ನೀಲಿಯಾಗಿ ಮಿಂಚೋ ಗಿಡ್ಡ ರೆಕ್ಕೆ, ಹೊಟ್ಟೆ ಮತ್ತೆ ಕಿತ್ತಳೆ, ತುದಿ ಕಪ್ಪು. ಇದು ಕಚ್ಚೋದೂ ಇಲ್ಲ, ಕುಟುಕೋದೂ ಇಲ್ಲ. ಮೈಯೊಳಗೆ ಪೆಡೆರಿನ್ ಅನ್ನೋ ವಿಷ ಇರುತ್ತೆ. ಅದನ್ನು ತಯಾರು ಮಾಡೋದು ಹುಳದ ಒಡಲಲ್ಲಿ ಬದುಕೋ ಬ್ಯಾಕ್ಟೀರಿಯಾ. ಕತ್ತಿನ ಮೇಲೆ ಏನೋ ಹರಿದಾಡಿತು ಅಂತ ಪಟ್ಟನೆ ಬಡಿದು ಹೊಸಕ್ತೀವಲ್ಲ, ವಿಷ ಚರ್ಮಕ್ಕೆ ತಾಗೋದು ಆಗಲೇ.

ಆ ಗಳಿಗೆಯಲ್ಲಿ ಏನೂ ತಿಳಿಯೋದಿಲ್ಲ. ಮಾರನೇ ದಿನ ಕೆಂಪಗೆ ಬರೆ ಏಳುತ್ತೆ, ಉರಿಯುತ್ತೆ, ಆಮೇಲೆ ಗುಳ್ಳೆ, ಕೀವು. ಮೊಣಕೈ ಮಡಿಕೆಯಲ್ಲಾದರೆ ಒತ್ತಿಕೊಂಡ ಎರಡೂ ಕಡೆ ಒಂದೇ ಗುರುತು. ನಮ್ಮ ಜನ ಜೇಡ ಉಚ್ಚೆ ಹುಯ್ದಿದೆ ಅಂತಾರೆ, ಇಲ್ಲಾ ಸರ್ಪಸುತ್ತು ಅಂತ ಹೆದರಿ ಕಾವಿ ಬಳಿಸ್ತಾರೆ. ಹಸಿ ಗಾಯಕ್ಕೆ ಕಾವಿ, ಸುಣ್ಣ, ಸೊಪ್ಪಿನ ರಸ ಯಾವುದೂ ಬೇಡ ಕಣಮ್ಮ, ಕೀವು ಹೆಚ್ಚಾಗುತ್ತೆ. ತಾನಾಗೇ ಒಂದೆರಡು ವಾರದಲ್ಲಿ ಒಣಗುತ್ತೆ, ಕಲೆ ಮಾತ್ರ ಇನ್ನೂ ಸ್ವಲ್ಪ ಕಾಲ ಉಳಿಯುತ್ತೆ. 2022ರ ಜುಲೈನಲ್ಲಿ ಸಿಕ್ಕಿಂನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನೂರರಷ್ಟು ಮಕ್ಕಳಿಗೆ ಹೀಗಾಗಿತ್ತು. ಹಾಸ್ಟೆಲು ಅಂದ ಕೂಡಲೇ ನನಗೆ ನೆನಪಾಗೋದು ಅದೇ.

ಮೈಮೇಲೆ ಕಂಡರೆ ಉಫ್ ಅಂತ ಊದಿಬಿಡು, ಇಲ್ಲಾ ಕಾಗದದ ಚೂರಿಗೆ ಹತ್ತಿಸಿ ಆಚೆ ಹಾಕು. ಗೊತ್ತಿಲ್ಲದೆ ಹೊಸಕಿಬಿಟ್ಟರೆ ಆಗಲೇ ಸೋಪು ಹಚ್ಚಿ ಚೆನ್ನಾಗಿ ತೊಳಿ. ಕೈಯನ್ನೂ ತೊಳಿ, ದಿಂಬಿನ ಕವರು ಒಗಿ. ಸತ್ತು ಒಣಗಿದ ಹುಳದಲ್ಲೂ ವಿಷ ಇರುತ್ತೆ. ದೀಪದ ನೇರಕ್ಕೆ ಮಂಚ ಹಾಕ್ಕೋಬೇಡ, ಕತ್ತಲಾಗೋ ಮುಂಚೆ ಕಿಟಕಿ ಮುಚ್ಚು, ಜಾಲರಿ ಹಾಕಿಸಿ ಅಂತ ವಾರ್ಡನ್ನಿಗೆ ಕೇಳು. ಔಷಧಿ ಹೊಡೆದು ಸಾಯಿಸೋ ಯೋಚನೆ ಬೇಡ. ಕೃಷ್ಣಗಿರಿ ಅಣೆಕಟ್ಟಿನ ಕೆಳಗಿನಂಥ ಭತ್ತದ ಗದ್ದೆಗಳಲ್ಲಿ ಇದೇ ಹುಳ ಜಿಗಿಹುಳಗಳನ್ನು ತಿಂದು ಬೆಳೆ ಕಾಯುತ್ತೆ. ರೈತನ ಮನೆ ಮಗಳು ನೀನು, ಅದು ಗೊತ್ತಿರಲಿ.

ರಜಕ್ಕೆ ನಮ್ಮೂರು ತಳಿಗೆ ಬಂದಾಗ ಗುಳ್ಳೆ ಎಬ್ಬಿಸೋ ಇನ್ನೊಂದು ಜಾತಿ ಹುಳ ಸಿಗುತ್ತೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ ಹೂ ಬಿಟ್ಟಾಗ ಕಪ್ಪು ರೆಕ್ಕೆಗೆ ಕಿತ್ತಳೆ ಪಟ್ಟೆಯ ದಪ್ಪ ದುಂಬಿ ಕೂತು ಹೂ ಮೇಯ್ತಿರುತ್ತೆ. ಹಿಡಿದರೆ ಕಾಲಿನ ಕೀಲುಗಳಿಂದ ಹಳದಿ ರಸ ಬಿಡುತ್ತೆ, ತಾಗಿದಲ್ಲಿ ನೀರುಗುಳ್ಳೆ. ಬರಿಗೈಯಲ್ಲಿ ಆರಿಸಬೇಡ, ಕೈಗೆ ಬಟ್ಟೆ ಸುತ್ತಿಕೋ.

ವಿಷ ತಾಗಿದ ಕೈ ಕಣ್ಣಿಗೆ ಹೋಯಿತು ಅಂದ್ಕೋ, ನೀರು ಹಾಕಿ ತೊಳೆದು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗು. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸು, ಟ್ಯೂಬು ಬೇಡ. ಇಎಸ್‌ಐ ಕಾರ್ಡು ಇದೆಯಲ್ಲ, ರಜ ಹಾಕಿದರೆ ಸಂಬಳ ಹಿಡೀತಾರೆ ಅಂತ ಸುಮ್ಮನಿರಬೇಡ.