ಹಿತ್ತಲಿಗೆ ಸ್ವರ್ಣಧಾರ ಕೋಳಿ: ಮರಿ ತರುವುದರಿಂದ ಮೊಟ್ಟೆ ಎತ್ತುವವರೆಗೆ

ಸ್ವರ್ಣಧಾರ ಕರ್ನಾಟಕದಲ್ಲೇ ರೂಪುಗೊಂಡ ಹಿತ್ತಲ ಕೋಳಿ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದನ್ನು 2005ರಲ್ಲಿ ಬಿಡುಗಡೆ ಮಾಡಿತು. ಅದಕ್ಕೆ ಮೊದಲೇ ಹಳ್ಳಿಗಳಲ್ಲಿ ಹೆಸರು ಮಾಡಿದ್ದ ಗಿರಿರಾಜಕ್ಕೆ ಹೋಲಿಸಿದರೆ ಇದು ಮೈಯಲ್ಲಿ ತುಸು ಹಗುರ, ಮೊಟ್ಟೆಯಲ್ಲಿ ತುಸು ಮುಂದು. ಮೈ ಹಗುರವಾದ್ದರಿಂದ ಬೆಕ್ಕು, ನರಿ ಕಂಡರೆ ಓಡಿ ತಪ್ಪಿಸಿಕೊಳ್ಳುವ ಚುರುಕೂ ಹೆಚ್ಚು. ಹೇಂಟೆ ಸುಮಾರು ಮೂರು ಕಿಲೋ, ಹುಂಜ ನಾಲ್ಕು ಕಿಲೋ ತೂಗುತ್ತದೆ. ಸಾಧು ಸ್ವಭಾವದ ಹಕ್ಕಿ. ದಿನವೂ ಕಾಳು ಹಾಕುವವರ ಹಿಂದೆಯೇ ಸುತ್ತುತ್ತದೆ, ಮಕ್ಕಳು ಎತ್ತಿಕೊಂಡರೂ ಹೆಚ್ಚು ರಂಪ ಮಾಡುವುದಿಲ್ಲ.

ಚೆನ್ನಾಗಿ ನೋಡಿಕೊಂಡರೆ ಇದು ವರ್ಷಕ್ಕೆ 180ರಿಂದ 190 ಮೊಟ್ಟೆ ಕೊಡಬಲ್ಲದು. ನಾಟಿ ಹೇಂಟೆಯದು ಸಾಮಾನ್ಯವಾಗಿ 50–60. ಈ ಅಂತರದ ಹಿಂದೆ ಒಂದು ಕೊಡುಕೊಳ್ಳುವಿಕೆಯಿದೆ. ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆ ಇಟ್ಟೊಡನೆ ಕಾವಿಗೆ ಕೂರುತ್ತದೆ, 21 ದಿನ ಮೊಟ್ಟೆ ಬಿಟ್ಟೇಳುವುದೇ ಅಪರೂಪ, ಮರಿಯಾದ ಮೇಲೆ ರೆಕ್ಕೆಯಡಿ ಬೆಚ್ಚಗಿಟ್ಟು ಕೆದಕಿ ತಿನ್ನುವುದನ್ನು ಕಲಿಸುತ್ತದೆ. ಅಷ್ಟು ಕಾಲವೂ ಮೊಟ್ಟೆ ಬಂದ್. ಸ್ವರ್ಣಧಾರದಂಥ ಸುಧಾರಿತ ತಳಿಗಳಲ್ಲಿ ಕಾವು ಕೂರುವ ಗುಣ ತೀರಾ ಕಡಿಮೆ. ಆ ದಿನಗಳೆಲ್ಲ ಮೊಟ್ಟೆಯ ಲೆಕ್ಕಕ್ಕೆ ಸೇರುತ್ತವೆ. ಆದರೆ ತಾಯಿಕೋಳಿ ಮಾಡುತ್ತಿದ್ದ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ, ಅದು ಸಾಕುವವರ ಪಾಲಿಗೆ ಬರುತ್ತದೆ. ನಾಟಿ ಕೋಳಿಯಂತೆ ತಾನಾಗಿ ಬದುಕಿಕೊಳ್ಳುತ್ತದೆ ಎಂದು ಅಂಗಳಕ್ಕೆ ಬಿಟ್ಟು ಕೈತೊಳೆದುಕೊಂಡವರಿಗೆ ಮೊಟ್ಟೆಯೂ ಇಲ್ಲ, ಕೋಳಿಯೂ ಇಲ್ಲ.

ಮರಿ ಕೊಳ್ಳುವಾಗ

ಮರಿಗಳನ್ನು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕುಕ್ಕುಟ ವಿಭಾಗಗಳಿಂದಲೋ ನಂಬಿಕಸ್ಥ ಮರಿಕೇಂದ್ರಗಳಿಂದಲೋ ತರಬೇಕು. ಬೇಡಿಕೆ ಹೆಚ್ಚಿರುವುದರಿಂದ ಮೊದಲೇ ಹೆಸರು ಬರೆಸುವುದು ಒಳ್ಳೆಯದು. ಸಂತೆಯಲ್ಲಿ, ಸೈಕಲ್ ಮೇಲೆ ಬುಟ್ಟಿಯಲ್ಲಿ ಮಾರುವ ಬಣ್ಣ ಬಳಿದ ಮರಿಗಳು ಅಗ್ಗವೇನೋ ಹೌದು, ಆದರೆ ಅವುಗಳಲ್ಲಿ ಬಹುಪಾಲು ಮೊಟ್ಟೆಕೋಳಿ ಉದ್ಯಮ ಬೇಡವೆಂದು ಬಿಟ್ಟ ಗಂಡುಮರಿಗಳು.

ಒಂದು ದಿನದ ಮರಿಗಳಲ್ಲಿ ಗಂಡು ಹೆಣ್ಣು ಬೇರ್ಪಡಿಸದೆ ಕೊಡುವುದೇ ರೂಢಿ. ಹಾಗಾಗಿ ಹತ್ತು ಹೇಂಟೆ ಬೇಕಾದ ಮನೆಗೆ 25 ಮರಿ ತರಬೇಕಾಗುತ್ತದೆ. ಅರ್ಧದಷ್ಟು ಹುಂಜಗಳು, ಒಂದೆರಡು ಸಾವು, ಉಳಿದದ್ದು ಹತ್ತು. ಹುಂಜಗಳನ್ನು ಎರಡು ಮೂರು ತಿಂಗಳಿಗೆ ಮಾರಿದರೆ ಮೇವಿನ ಖರ್ಚಿನ ಒಂದು ಪಾಲು ಹಿಂದಿರುಗುತ್ತದೆ. ಮೊಟ್ಟೆ ಇಡಲು ಹುಂಜ ಬೇಕಿಲ್ಲ. ಮರಿ ಮಾಡಿಸುವುದಿದ್ದರೆ ಮಾತ್ರ ಎಂಟು ಹತ್ತು ಹೇಂಟೆಗೆ ಒಂದು ಸಾಕು. ಎಳೆಮರಿಗೆ ಕಾವು ಕೊಡುವ ಕಷ್ಟ ಬೇಡವೆನ್ನುವವರು ನಾಲ್ಕೈದು ವಾರ ಸಾಕಿದ ಮರಿಗಳನ್ನೇ ಕೊಳ್ಳಬಹುದು. ಬೆಲೆ ಹೆಚ್ಚಾದರೂ ಮೊದಲ ಸಲ ಸಾಕುವವರಿಗೆ ಇದೇ ಜಾಣತನ.

ಮೊದಲ ಆರು ವಾರ

ಇಡೀ ಸಾಕಣೆಯ ಸೋಲು ಗೆಲುವು ತೀರ್ಮಾನವಾಗುವುದು ಇಲ್ಲಿ. ಮರಿಗೆ ಹುಟ್ಟಿದಾಗ ತುಪ್ಪುಳ ಮಾತ್ರ ಇರುತ್ತದೆ, ಮೈ ಬಿಸಿ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಮರಿ ಬರುವ ಮುನ್ನಾದಿನವೇ ಕಾವಿನ ಮನೆ ಸಿದ್ಧವಾಗಿರಬೇಕು. 25 ಮರಿಗೆ ನಾಲ್ಕು ಅಡಿ ಅಗಲದ ವೃತ್ತ ಸಾಕು. ತಗಡು ಅಥವಾ ದಪ್ಪ ರಟ್ಟನ್ನು ಒಂದೂವರೆ ಅಡಿ ಎತ್ತರಕ್ಕೆ ದುಂಡಗೆ ನಿಲ್ಲಿಸುವುದು ವಾಡಿಕೆ. ಚೌಕವಾಗಿದ್ದರೆ ಮೂಲೆಯಲ್ಲಿ ಒತ್ತರಿಸಿಕೊಂಡು ಅಡಿಯ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ನೆಲಕ್ಕೆ ಎರಡು ಮೂರು ಅಂಗುಲ ಭತ್ತದ ಹೊಟ್ಟು, ಅದರ ಮೇಲೆ ಮೊದಲ ಎರಡು ಮೂರು ದಿನ ಹಳೆಯ ಪತ್ರಿಕೆ ಹಾಸಬೇಕು. ಇಲ್ಲದಿದ್ದರೆ ಮರಿಗಳು ನುಚ್ಚೆಂದುಕೊಂಡು ಹೊಟ್ಟನ್ನೇ ನುಂಗುತ್ತವೆ.

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಮರಿಯೊಂದಕ್ಕೆ ಎರಡು ವಾಟ್ ಎಂಬುದು ಕೋಳಿ ಸಾಕುವವರ ಲೆಕ್ಕ. 25 ಮರಿಗೆ 60 ವಾಟ್‌ನ ಹಳೆಯ ಕಾಲದ ತಂತಿ ಬಲ್ಬು ಒಂದು ಸಾಕು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಶಾಖ ಕೊಡುವುದಿಲ್ಲ. ಈಗ ಹೆಚ್ಚಿನ ಮನೆಗಳಲ್ಲಿ ಅದೇ ಇರುವುದರಿಂದ ಈ ಎಚ್ಚರ ಬೇಕು. ಕರೆಂಟು ಹೋದರೆ ಕೆಂಡ ತುಂಬಿದ ಮಡಕೆಯನ್ನು ಮರಿಗಳಿಗೆ ತಾಗದಂತೆ ಇಡಬಹುದು, ಆದರೆ ಹೊಗೆ ಇರಬಾರದು, ಗಾಳಿಯಾಡುವಂತಿರಬೇಕು.

ಥರ್ಮಾಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗೂಡಿ ಚೀರುತ್ತಿದ್ದರೆ ಚಳಿ. ದೂರ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು ತಿನ್ನುತ್ತ ಮಲಗುತ್ತ ಇದ್ದರೆ ಶಾಖ ಸರಿಯಾಗಿದೆ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದ್ದರೆ ಇನ್ನೊಂದು ಪಕ್ಕದಿಂದ ಗಾಳಿ ಹೊಡೆಯುತ್ತಿದೆ ಎಂದರ್ಥ. ರಾತ್ರಿ ಒಮ್ಮೆ ಎದ್ದು ನೋಡುವುದು ಅನಿವಾರ್ಯ.

ಬಂದ ಮರಿಗೆ ಮೊದಲು ನೀರು, ಆಮೇಲೆ ಮೇವು. ನೀರಿಗೆ ಸ್ವಲ್ಪ ಬೆಲ್ಲ ಕದಡಿ, ಒಂದೊಂದು ಮರಿಯ ಕೊಕ್ಕನ್ನೂ ಅದ್ದಿ ಬಿಟ್ಟರೆ ಕುಡಿಯುವುದನ್ನು ಕಲಿಯುತ್ತದೆ. ನೀರಿನ ತಟ್ಟೆ ಆಳವಿದ್ದರೆ ಬೆಣಚುಕಲ್ಲು ಹಾಕಿಡಬೇಕು. ಮೇವು ಶೇ 20ರಷ್ಟು ಪ್ರೋಟೀನ್ ಇರುವ ಮರಿ ಆಹಾರವೇ ಆಗಬೇಕು. ಈ ವಯಸ್ಸಿನಲ್ಲಿ ಅಕ್ಕಿ ನುಚ್ಚು, ರಾಗಿಯಷ್ಟೇ ಹಾಕಿ ಬೆಳೆಸಿದ ಮರಿ ಮುಂದೆಂದೂ ಮೈ ತುಂಬಿಕೊಳ್ಳದು. ಹೊಟ್ಟು ಒದ್ದೆಯಾದಲ್ಲಿ ರಕ್ತಭೇದಿ ಕಾದಿರುತ್ತದೆ. ಮೂರರಿಂದ ಆರು ವಾರದ ಮರಿ ರಕ್ತ ಬೆರೆತ ಹಿಕ್ಕೆ ಹಾಕಿ ಜೋಲುತ್ತಿದ್ದರೆ ಅದೇ ದಿನ ಪಶುವೈದ್ಯರನ್ನು ಕಂಡು ನೀರಿಗೆ ಬೆರೆಸುವ ಔಷಧ ತರಬೇಕು.

ಲಸಿಕೆ

ಹಿತ್ತಲ ಕೋಳಿಯ ದೊಡ್ಡ ಶತ್ರು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಭೇದಿ, ಗೊರಗೊರ ಉಸಿರು, ತಿರುಚಿದ ಕುತ್ತಿಗೆ. ಬೇಸಿಗೆಯಲ್ಲಿ ಬಂತೆಂದರೆ ಕೇರಿಯ ಗೂಡುಗಳೆಲ್ಲ ಖಾಲಿ. ಬಂದ ಮೇಲೆ ಮದ್ದಿಲ್ಲ, ಬಾರದಂತೆ ಲಸಿಕೆಯಷ್ಟೇ. ಸಾಮಾನ್ಯ ಕ್ರಮ ಹೀಗಿದೆ: ಮೊದಲ ದಿನ ಮರಿಕೇಂದ್ರದಲ್ಲೇ ಮಾರೆಕ್ಸ್ ರೋಗದ ಲಸಿಕೆ, 5ರಿಂದ 7ನೇ ದಿನದೊಳಗೆ ಕಣ್ಣಿಗೆ ಒಂದು ಹನಿ ಲಸೋಟಾ ಎಂಬ ರಾಣಿಖೇತ್ ಲಸಿಕೆ, 14ನೇ ದಿನ ಗಂಬೋರೊ ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟಾ, ಆರು ವಾರ ದಾಟಿದ ಮೇಲೆ ಕೋಳಿ ಸಿಡುಬಿನ ಲಸಿಕೆ, 8ರಿಂದ 10 ವಾರದಲ್ಲಿ ರಾಣಿಖೇತ್‌ಗೆ ಆರ್‌2ಬಿ ಚುಚ್ಚುಮದ್ದು. ಊರಿನ ರೋಗಸ್ಥಿತಿ ನೋಡಿ ಪಶುವೈದ್ಯರು ಇದನ್ನು ತುಸು ಬದಲಿಸುವುದುಂಟು.

ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ, ಮಂಜುಗಡ್ಡೆಯಿಟ್ಟ ಫ್ಲಾಸ್ಕಿನಲ್ಲೇ ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಇರುವುದರಿಂದ ನಾಲ್ಕಾರು ಮನೆಯವರು ಕೂಡಿ ತರಿಸಿದರೆ ಖರ್ಚೂ ಕಡಿಮೆ, ಇಡೀ ಕೇರಿಗೆ ರಕ್ಷಣೆಯೂ ಸಿಗುತ್ತದೆ. ತನ್ನ ಕೋಳಿಗೆ ಮಾತ್ರ ಹಾಕಿಸಿ ಪಕ್ಕದ ಮನೆಯದನ್ನು ಬಿಟ್ಟರೆ ರೋಗ ಬೇಲಿ ದಾಟದೆ ಇರುತ್ತದೆಯೇ? ನೀರಿನಲ್ಲಿ ಕೊಡುವ ಲಸಿಕೆಗೆ ಕ್ಲೋರಿನ್ ಬೆರೆತ ನಲ್ಲಿ ನೀರು ಕೂಡದು. ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಬಾರದು. ಒಮ್ಮೆಲೇ ಹಲವು ಕೋಳಿ ಸತ್ತರೆ ಅವನ್ನು ಬರಿಗೈಯಲ್ಲಿ ಮುಟ್ಟದೆ, ಉಳಿದವನ್ನು ಮಾರದೆ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. ಅದು ಹಕ್ಕಿಜ್ವರವೂ ಆಗಿರಬಹುದು.

ಗೂಡು

ಹಗಲೆಲ್ಲ ಹೊರಗೆ ಮೇಯುವ ಹತ್ತು ಕೋಳಿಗೆ ರಾತ್ರಿ ತಂಗಲು ಐದಡಿ ಉದ್ದ, ನಾಲ್ಕಡಿ ಅಗಲದ ಗೂಡು ಧಾರಾಳ. ನೆಲದಿಂದ ಒಂದೂವರೆ ಎರಡು ಅಡಿ ಎತ್ತರಿಸಿ ಕಟ್ಟಿದರೆ ಮಳೆಗಾಲದ ಶೀತ ತಟ್ಟದು, ಹಿಕ್ಕೆ ಕೆಳಗೆ ಬೀಳುತ್ತದೆ. ಉದ್ದ ಪೂರ್ವ–ಪಶ್ಚಿಮಕ್ಕಿದ್ದರೆ ಬಿಸಿಲು ಒಳಗೆ ಹೊಡೆಯುವುದಿಲ್ಲ. ಮಲೆನಾಡು, ಕರಾವಳಿಯಲ್ಲಿ ಇರಚಲು ತಡೆಯಲು ಸೂರನ್ನು ಇಳಿಬಿಡಬೇಕು. ರಾಯಚೂರು, ಕಲಬುರಗಿಯ ಕಡೆ ತಗಡಿನ ಮೇಲೆ ಹುಲ್ಲು ಅಥವಾ ತೆಂಗಿನ ಗರಿ ಹೊದಿಸದಿದ್ದರೆ ಏಪ್ರಿಲ್‌ನಲ್ಲಿ ಕೋಳಿ ಬೇಯುತ್ತದೆ. 35 ಡಿಗ್ರಿ ದಾಟಿದರೆ ಕೋಳಿ ಮೇವು ಬಿಡುತ್ತದೆ, ಮೊಟ್ಟೆಯ ಸಿಪ್ಪೆ ತೆಳುವಾಗುತ್ತದೆ.

ಕೋಳಿ ಬಲೆ ಎಂದು ಮಾರುವ ತೆಳು ತಂತಿಯ ಜಾಲರಿ ಕೋಳಿ ಹೊರಹೋಗದಂತೆ ತಡೆಯುತ್ತದೆ, ಅಷ್ಟೇ. ನಾಯಿ ಅದನ್ನು ಹರಿಯುತ್ತದೆ, ಮುಂಗುಸಿ, ಹೆಗ್ಗಣ, ಹಾವು ನುಸುಳುತ್ತವೆ. ಅರ್ಧ ಅಂಗುಲ ಕಣ್ಣಿನ ವೆಲ್ಡ್‌ಮೆಶ್ ದುಬಾರಿಯಾದರೂ ಅದನ್ನೇ ಹಾಕಬೇಕು. ಕೋಳಿ ಕತ್ತಲಾಗುವ ಮುನ್ನ ತಾನಾಗಿ ಗೂಡು ಸೇರುತ್ತದೆ. ಬಾಗಿಲು ಹಾಕುವುದನ್ನು ಮರೆಯದಿರುವುದು ಮನೆಯವರ ಕೆಲಸ.

ಒಳಗೆ ಕೂರಲು ಎರಡು ಅಂಗುಲ ದಪ್ಪದ, ಅಂಚು ದುಂಡಾದ ಗಳು ಬೇಕು. ಕೋಳಿಯೊಂದಕ್ಕೆ ಎಂಟು ಅಂಗುಲ ಜಾಗ, ಎತ್ತರ ಎರಡು ಅಡಿ ಮೀರಬಾರದು. ಮೂರು ಕಿಲೋ ತೂಗುವ ಹಕ್ಕಿ ಅದಕ್ಕಿಂತ ಮೇಲಿನಿಂದ ಧುಮುಕಿದರೆ ಅಂಗಾಲು ಒಡೆದು ಕೀವಾಗುತ್ತದೆ. ನಾಲ್ಕೈದು ಹೇಂಟೆಗೊಂದರಂತೆ ಒಂದಡಿ ಅಗಲದ ಮೊಟ್ಟೆಪೆಟ್ಟಿಗೆಯನ್ನು ಮಬ್ಬುಗತ್ತಲ ಮೂಲೆಯಲ್ಲಿಟ್ಟು ಒಣಹುಲ್ಲು ಹಾಕಬೇಕು. ಹಳೆಯ ಬಿದಿರ ಬುಟ್ಟಿಯೂ ಆದೀತು.

ಮೇವು

ಮೊಟ್ಟೆಯಿಡುವ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ತಿಪ್ಪೆ, ತೋಟ, ಕೊಟ್ಟಿಗೆಯ ಸುತ್ತ ಕೆದಕಿ ಅರ್ಧದಷ್ಟನ್ನು ತಾನೇ ದಕ್ಕಿಸಿಕೊಳ್ಳಬಲ್ಲದು. ಉಳಿದ ಅರ್ಧವನ್ನು ಬೆಳಿಗ್ಗೆ ಸ್ವಲ್ಪ, ಸಂಜೆ ಹೆಚ್ಚು ಎಂಬಂತೆ ಹಾಕಬೇಕು. ಸಂಜೆ ಕಾಳಿನ ಆಸೆಗೆ ಎಲ್ಲವೂ ಗೂಡಿಗೆ ಬರುತ್ತವೆ. ಒಡೆದ ಜೋಳ, ರಾಗಿ, ನುಚ್ಚು, ತೌಡಿನ ಜೊತೆ ಶೇಂಗಾ ಅಥವಾ ಸೋಯಾ ಹಿಂಡಿ ಸೇರಿಸಿದರೆ ಪ್ರೋಟೀನ್ ದೊರೆಯುತ್ತದೆ. ಬೂಸ್ಟು ಹಿಡಿದ ಜೋಳ, ಹಿಂಡಿ ಮಾತ್ರ ಬೇಡ. ಅದರ ವಿಷ ಕೋಳಿಯ ಯಕೃತ್ತನ್ನೇ ಕೆಡಿಸುತ್ತದೆ. ಉಪ್ಪು ಹೆಚ್ಚಿರುವ ಸಾರು, ಉಪ್ಪಿನಕಾಯಿ ಬೆರೆತ ಎಂಜಲೂ ಬೇಡ.

ಗೆದ್ದಲಿನಷ್ಟು ಇಷ್ಟದ ತಿಂಡಿ ಕೋಳಿಗೆ ಇನ್ನೊಂದಿಲ್ಲ, ಅದಕ್ಕೆ ಕಾಸಿನ ಖರ್ಚೂ ಇಲ್ಲ. ಹಳೆಯ ಮಡಕೆಗೆ ಹರಕು ಗೋಣಿಚೀಲ, ಒಣ ಸೆಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿ, ಗೆದ್ದಲಿರುವ ಕಡೆ ಸಂಜೆ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಗೆದ್ದಲು ಮುತ್ತಿರುತ್ತದೆ. ಬಿಸಿಲೇರುವ ಮೊದಲೇ ಎತ್ತಿ ಕೋಳಿಗಳ ಮುಂದೆ ಕೊಡವಬೇಕು, ತಡವಾದರೆ ಅವು ನೆಲಕ್ಕಿಳಿದಿರುತ್ತವೆ. ನುಗ್ಗೆಸೊಪ್ಪು, ಅಜೋಲಾ ಕೂಡ ಒಳ್ಳೆಯವೇ.

ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಕೆದಕಿ ತಿಂದದ್ದರಿಂದ ಅಷ್ಟು ಸಿಗದು. ಸಿಗದಿದ್ದಾಗ ಕೋಳಿ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ, ಕೊನೆಗೆ ಕಾಲು ಸೋತು ಕೂರುತ್ತದೆ. ಪುಡಿ ಮಾಡಿದ ಕಪ್ಪೆಚಿಪ್ಪನ್ನು ಬೇರೆ ಬಟ್ಟಲಲ್ಲಿ ಸದಾ ಇಟ್ಟಿರಬೇಕು. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಆದರೆ ಮೊಟ್ಟೆಯಿಡುವ ಕೋಳಿಯ ಆಹಾರವನ್ನು ಎಳೆಯ ಮರಿಗಳಿಗೆ ಹಾಕಬಾರದು, ಹೆಚ್ಚಿನ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಕ್ಕೆ ಕೆಡುಕು.

ಹಾಗೆಂದು ಕಂಡಾಗಲೆಲ್ಲ ಕಾಳು ಚೆಲ್ಲುವ ಪ್ರೀತಿಯೂ ಒಳ್ಳೆಯದಲ್ಲ. ಕೊಬ್ಬಿದ ಹೇಂಟೆ ಮೊಟ್ಟೆ ಕಡಿಮೆ ಮಾಡುತ್ತದೆ. ನೀರು ಮಾತ್ರ ಎಷ್ಟಾದರೂ ಇರಲಿ. ತಿಂದ ಮೇವಿನ ಎರಡರಷ್ಟು ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಮೊಟ್ಟೆಯ ಕಾಲ

ಐದೂವರೆ, ಆರು ತಿಂಗಳಿಗೆ ಜುಟ್ಟು ಕೆಂಪೇರಿ ಹೇಂಟೆ ಮೊಟ್ಟೆಗೆ ಬರುತ್ತದೆ. ಮೊದಲ ಮೊಟ್ಟೆಗಳು ಚಿಕ್ಕವು, ಕ್ರಮೇಣ 55–60 ಗ್ರಾಂಗೆ ಏರುತ್ತವೆ. ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ ಹಗಲು ಹನ್ನೊಂದೂವರೆ ಗಂಟೆಗಿಂತ ಕಡಿಮೆ. ಚಳಿಗಾಲದಲ್ಲಿ ಮೊಟ್ಟೆ ಇಳಿಯುವುದಕ್ಕೆ ಇದೂ ಒಂದು ಕಾರಣ. ನಸುಕಿನಲ್ಲಿ ಸುಮಾರು ಮೂರು ಗಂಟೆ ಗೂಡಿನಲ್ಲಿ ದೀಪ ಹಾಕಿದರೆ ಇದನ್ನು ಸರಿದೂಗಿಸಬಹುದು. ಇಲ್ಲಿ ಎಲ್‌ಇಡಿ ಬಲ್ಬೇ ಸಾಕು.

ಮೊಟ್ಟೆಯನ್ನು ದಿನಕ್ಕೆ ಎರಡು ಸಲ ಎತ್ತಬೇಕು. ಪೆಟ್ಟಿಗೆಯಲ್ಲೇ ಬಿಟ್ಟರೆ ಒಡೆಯುತ್ತದೆ, ಒಡೆದದ್ದನ್ನು ಕೋಳಿಯೇ ತಿಂದು ರುಚಿ ನೋಡುತ್ತದೆ, ಆ ಚಟ ಬಿಡಿಸುವುದು ಕಷ್ಟ. ಕೂಡಿಡುವ ಮೊಟ್ಟೆಯನ್ನು ತೊಳೆಯಬಾರದು, ಒಣ ಬಟ್ಟೆಯಿಂದ ಒರೆಸಿದರೆ ಸಾಕು. ತೊಳೆದರೆ ಸಿಪ್ಪೆಯ ಮೇಲಿನ ರಕ್ಷಾಪೊರೆ ಹೋಗುತ್ತದೆ. ಚೂಪು ತುದಿ ಕೆಳಗಿರಲಿ. ಮನೆಯಲ್ಲಿ ಒಂದೆರಡು ನಾಟಿ ಹೇಂಟೆಯಿದ್ದರೆ ಹತ್ತು ಹನ್ನೆರಡು ಮೊಟ್ಟೆಯನ್ನು ಅದರಡಿ ಕಾವಿಗಿಟ್ಟು ಮರಿ ಮಾಡಿಸಬಹುದು. ಆದರೆ ಸ್ವರ್ಣಧಾರ ಸುಧಾರಿತ ಮಿಶ್ರ ತಳಿಯಾದ್ದರಿಂದ ಮುಂದಿನ ಪೀಳಿಗೆಯಲ್ಲಿ ಅಷ್ಟೇ ಮೊಟ್ಟೆ ನಿರೀಕ್ಷಿಸುವಂತಿಲ್ಲ.

ಮೊಟ್ಟೆ ನಿಂತ ಕೋಳಿಯನ್ನು ಗುರುತಿಸಲು ಹಿಂಭಾಗದ ಎರಡು ಮೊನೆ ಮೂಳೆಗಳ ನಡುವೆ ಬೆರಳಿಟ್ಟು ನೋಡುವುದು ಹಳೆಯ ವಿಧಾನ. ಎರಡು ಮೂರು ಬೆರಳು ಹಿಡಿದರೆ ಮೊಟ್ಟೆಯಿಡುತ್ತಿದೆ, ಒಂದೇ ಹಿಡಿದರೆ ಇಲ್ಲ. ಸುಮಾರು ಒಂದೂವರೆ ವರ್ಷಕ್ಕೆ ಪುಕ್ಕ ಉದುರುತ್ತದೆ, ಎರಡು ಮೂರು ತಿಂಗಳು ಮೊಟ್ಟೆಯಿರುವುದಿಲ್ಲ. ಅದು ರೋಗವಲ್ಲ. ಹೊಸ ಪುಕ್ಕ ಬಂದ ಮೇಲೆ ಮತ್ತೆ ಶುರುವಾದರೂ ಮೊದಲ ವರ್ಷದಷ್ಟು ಸಿಗದು. ಹಾಗಾಗಿ ಮೊದಲ ತಂಡಕ್ಕೆ ಒಂದು ವರ್ಷ ತುಂಬುವಾಗಲೇ ಎರಡನೆಯ ತಂಡದ ಮರಿ ತಂದರೆ ಮನೆಯಲ್ಲಿ ಮೊಟ್ಟೆ ತಪ್ಪುವುದಿಲ್ಲ. ಹೊಸ ಮರಿಗಳನ್ನು ಲಸಿಕೆಗಳೆಲ್ಲ ಮುಗಿಯುವವರೆಗೆ ಬೇರೆಯೇ ಇಟ್ಟು, ಮೈ ಬಲಿತ ಮೇಲೆ ಒಂದು ಸಂಜೆ ಕತ್ತಲಾದ ನಂತರ ಹಳೆಯವುಗಳ ಪಕ್ಕ ಕೂರಿಸಿದರೆ ಕಾದಾಟ ಕಡಿಮೆ.