ಉಪ್ಪು, ಹುಳಿ, ಕಲ್ಲು: ಶಾರ್ಡೊನೆಯನ್ನು ನಮ್ಮ ಊಟಕ್ಕೆ ಒಗ್ಗಿಸುವ ಸೂತ್ರಗಳು

ನ್ಯೂಜೆರ್ಸಿಯ ಕನ್ನಡದ ಮನೆಗಳಲ್ಲಿ ಔತಣವೆಂದರೆ ವೈನ್ ಬಾಟಲಿ ಒಂದು ಮೂಲೆಯಲ್ಲಿ, ಊಟ ಇನ್ನೊಂದು ಮೂಲೆಯಲ್ಲಿ. ಊಟಕ್ಕೆ ಮುಂಚೆ ವೈನ್ ಮುಗಿಸಿ, ಆಮೇಲೆ ತಟ್ಟೆ ಹಿಡಿಯುವುದು ರೂಢಿ. ನಮ್ಮ ಅಡುಗೆಗೆ ವೈನ್ ಹೊಂದುವುದಿಲ್ಲ ಎಂಬ ನಂಬಿಕೆಯೇ ಇದಕ್ಕೆ ಕಾರಣ. ನಾನು ಅದನ್ನು ಒಪ್ಪುವುದಿಲ್ಲ. ತೆಂಗಿನಕಾಯಿ, ಮಜ್ಜಿಗೆ, ನಿಂಬೆ, ಕರಿದ ಮೀನು ಇರುವ ಊಟಕ್ಕೆ ಓಕ್ ಮರದ ಸೋಂಕಿಲ್ಲದ, ಹುಳಿ ಚುರುಕಾಗಿರುವ, ಕಲ್ಲಿನ ಘಮದ ಶಾರ್ಡೊನೆಯಷ್ಟು ಒಪ್ಪುವ ಬಿಳಿ ವೈನ್ ಇನ್ನೊಂದಿಲ್ಲ. ಬಾಟಲಿ ಆರಿಸಲು, ಬಡಿಸಲು, ಜೋಡಿಸಲು ತಿಳಿದಿರಬೇಕು, ಅಷ್ಟೆ.

1. ದ್ರಾಕ್ಷಿಯ ರುಚಿ ಯಾವುದು, ಪೀಪಾಯಿಯ ರುಚಿ ಯಾವುದು ಎಂದು ಬೇರೆ ಮಾಡಿ

"ಶಾರ್ಡೊನೆ ನನಗಾಗದು, ಬೆಣ್ಣೆ ಬೆಣ್ಣೆ" ಎನ್ನುವವರು ದೂರುತ್ತಿರುವುದು ದ್ರಾಕ್ಷಿಯನ್ನಲ್ಲ. ವೆನಿಲಾ, ಸುಟ್ಟ ಬ್ರೆಡ್ಡಿನ ವಾಸನೆ ಹೊಸ ಓಕ್ ಪೀಪಾಯಿಯದು. ಬೆಣ್ಣೆಯ ವಾಸನೆ ಡೈಅಸಿಟೈಲ್ ಎಂಬ ವಸ್ತುವಿನದು. ವೈನಿನಲ್ಲಿರುವ ಚೂಪಾದ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವಾಗ ಅದು ಹುಟ್ಟುತ್ತದೆ. ಇವೆರಡನ್ನೂ ತೆಗೆದರೆ ಉಳಿಯುವುದು ಹಸಿರು ಸೇಬು, ನಿಂಬೆ ಸಿಪ್ಪೆ, ಸ್ವಲ್ಪ ಉಪ್ಪು, ಬಾಯಿ ತೊಳೆದಂಥ ಮುಕ್ತಾಯ. ನಮಗೆ ಬೇಕಾದದ್ದು ಅದೇ.

2. "ಮಿನರಲ್" ಎಂಬ ಮಾತನ್ನು ಅಕ್ಷರಶಃ ನಂಬಬೇಡಿ, ತಳ್ಳಿಹಾಕಲೂ ಬೇಡಿ

ಈ ಶೈಲಿಯ ತವರು ಫ್ರಾನ್ಸಿನ ಶಾಬ್ಲಿ. ಸೆರೆನ್ ನದಿಯ ಇಕ್ಕೆಲದ ಇಳಿಜಾರುಗಳಲ್ಲಿ ಸುಮಾರು 15 ಕೋಟಿ ವರ್ಷ ಹಳೆಯ ಸುಣ್ಣಕಲ್ಲು, ಜೇಡಿ. ಅದರೊಳಗೆ ಬೆರಳ ತುದಿಯಷ್ಟು ಪುಟ್ಟ ಸಿಂಪಿಗಳ ಪಳೆಯುಳಿಕೆ. ಆ ಕಲ್ಲೇ ಬೇರಿನ ಮೂಲಕ ವೈನಿಗಿಳಿಯುತ್ತದೆ ಎಂಬ ಕಥೆ ಕೇಳಲು ಚೆಂದ, ವಿಜ್ಞಾನಕ್ಕೆ ಒಪ್ಪಿಗೆಯಿಲ್ಲ. ಮಣ್ಣಿನ ಖನಿಜಗಳು ನಮ್ಮ ನಾಲಗೆಗೆ ತಿಳಿಯುವ ಪ್ರಮಾಣದಲ್ಲಿ ಲೋಟಕ್ಕೆ ಬರುವುದಿಲ್ಲ ಎಂದು ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಬಹಳ ಕಾಲದಿಂದ ವಾದಿಸುತ್ತ ಬಂದಿದ್ದಾರೆ. ತಂಪು ಹವೆಯಲ್ಲಿ ಉಳಿದುಕೊಂಡ ಹುಳಿ, ಹಣ್ಣಿನ ಪರಿಮಳ ಮುಂದೆ ನುಗ್ಗದಿರುವುದು, ಹುದುಗುವಾಗ ಹುಟ್ಟುವ ಕೆಲವು ಗಂಧಕದ ಸಂಯುಕ್ತಗಳು ಸೇರಿ "ಮಿನರಲ್" ಎನ್ನುವ ಆ ಕಲ್ಲಿನ ಅನುಭವ ಕೊಡುತ್ತವೆ ಎಂಬುದು ಹೆಚ್ಚು ನಂಬಬಹುದಾದ ವಿವರಣೆ. ಬೆಂಕಿಕಡ್ಡಿ ಗೀರಿದಂಥ ವಾಸನೆ ಆ ಗಂಧಕದ್ದೇ.

ಆದರೆ ಅನುಭವ ಸುಳ್ಳಲ್ಲ. ಬಿಸಿಲಿಗೆ ಕಾದ ಕಲ್ಲುಚಪ್ಪಡಿಯ ಅಂಗಳಕ್ಕೆ ನೀರು ಚಿಮುಕಿಸಿದಾಗ ಏಳುವ ವಾಸನೆ ಗೊತ್ತಿದ್ದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

3. ಅಂಗಡಿಯಲ್ಲಿ ಬೆಲೆಗಿಂತ ಮೊದಲು ಬಾಟಲಿಯ ಹಿಂಬದಿ ಓದಿ

"ಸ್ಟೇನ್‌ಲೆಸ್", "ಸ್ಟೀಲ್ ಫರ್ಮೆಂಟೆಡ್", "ಅನ್‌ಓಕ್ಡ್" ಎಂದಿದ್ದರೆ ಕೈಗೆ ತೆಗೆದುಕೊಳ್ಳಿ. "ಬ್ಯಾರೆಲ್ ಫರ್ಮೆಂಟೆಡ್", "ಟೋಸ್ಟಿ", "ಕ್ರೀಮಿ" ಎಂದಿದ್ದರೆ ಅಲ್ಲೇ ಇಡಿ. ಆಲ್ಕೋಹಾಲ್ ಪ್ರಮಾಣ ಶೇಕಡಾ 12ರಿಂದ 13ರ ಒಳಗಿರಲಿ. 14 ದಾಟಿದರೆ ಹಣ್ಣು ಬಿಸಿಲಲ್ಲಿ ಚೆನ್ನಾಗಿ ಮಾಗಿ ಹುಳಿ ಕಳೆದುಕೊಂಡಿರುವ ಸಂಭವ ಹೆಚ್ಚು. ಫ್ರಾನ್ಸಿನ ಬಾಟಲಿಯ ಮೇಲೆ ಸಾಮಾನ್ಯವಾಗಿ ದ್ರಾಕ್ಷಿಯ ಹೆಸರಿರುವುದಿಲ್ಲ, "ಶಾಬ್ಲಿ" ಎಂದಷ್ಟೇ ಇರುತ್ತದೆ. ಹೊಸಬರು ಅದರಲ್ಲೇ ಅಗ್ಗದ ದರ್ಜೆಯಾದ ಪೆಟಿ ಶಾಬ್ಲಿಯಿಂದ ಶುರುಮಾಡಲಿ. ಮೇಲಿನ ದರ್ಜೆಯ ಗ್ರಾಂ ಕ್ರೂ ಆಮೇಲೆ ನೋಡಿಕೊಳ್ಳೋಣ. ಅಂದಹಾಗೆ, ನ್ಯೂಯಾರ್ಕಿನಲ್ಲಿ ದಿನಸಿ ಅಂಗಡಿಯಲ್ಲಿ ವೈನ್ ಸಿಗುವುದಿಲ್ಲ, ವೈನ್ ಅಂಗಡಿಗೇ ಹೋಗಬೇಕು. ಅದು ಒಳ್ಳೆಯದೇ, ಅಲ್ಲಿ ಕೇಳಿದರೆ ಹೇಳುವವರಿರುತ್ತಾರೆ.

4. ಮನೆ ಹತ್ತಿರದ ತೋಟಗಳನ್ನು ಕಡೆಗಣಿಸಬೇಡಿ

ನ್ಯೂಜೆರ್ಸಿ ವೈನ್ ಎಂದರೆ ನಗುವವರಿಗೆ 2012ರ ಜೂನ್ 8ರ ಕಥೆ ಹೇಳಿ. ಅಂದು ಪ್ರಿನ್ಸ್‌ಟನ್‌ನಲ್ಲಿ ಒಂಬತ್ತು ಮಂದಿ ತೀರ್ಪುಗಾರರು ಹೆಸರು ಮರೆಮಾಚಿದ ಬಾಟಲಿಗಳಿಂದ ಫ್ರಾನ್ಸಿನ ಮತ್ತು ನ್ಯೂಜೆರ್ಸಿಯ ವೈನ್‌ಗಳ ರುಚಿ ನೋಡಿದರು. ಬಿಳಿ ವೈನ್‌ಗಳಲ್ಲಿ ಮೊದಲ ಸ್ಥಾನ ಬರ್ಗಂಡಿಯ ಜೋಸೆಫ್ ದ್ರುಆನ್ ಮನೆತನದ 2009ರ ಕ್ಲೋ ದೆ ಮೂಷ್‌ಗೆ. ಎರಡನೆಯದು ರಿಂಗೋಸ್‌ನ ಯೂನಿಯನ್‌ವಿಲ್, ಮೂರನೆಯದು ಮಲ್ಲಿಕಾ ಹಿಲ್‌ನ ಹೆರಿಟೇಜ್, ನಾಲ್ಕನೆಯದು ಸಿಲ್ವರ್ ಡಿಕಾಯ್. ಮೂರೂ ನ್ಯೂಜೆರ್ಸಿಯ 2010ರ ಶಾರ್ಡೊನೆ. ಪ್ರಸಿದ್ಧ ಲೆಫ್ಲೇವ್‌ನ ಪುಲಿನಿ ಮೊಂತ್ರಾಶೆ ಇವುಗಳ ಹಿಂದೆ ಉಳಿಯಿತು. ಮೊದಲ ಸ್ಥಾನ ಬಿಟ್ಟರೆ ಬಿಳಿ ವೈನ್‌ಗಳ ನಡುವೆ ಸಂಖ್ಯಾಶಾಸ್ತ್ರ ಒಪ್ಪುವಂಥ ವ್ಯತ್ಯಾಸವಿರಲಿಲ್ಲ ಎಂದು ಲೆಕ್ಕ ಹಾಕಿದವರೇ ಹೇಳಿದರು. ನನಗೆ ರ‍್ಯಾಂಕಿಗಿಂತ ಇದೇ ದೊಡ್ಡ ಸುದ್ದಿ: ಬೆಲೆಯಲ್ಲಿ ಆಕಾಶ ಭೂಮಿಯ ಅಂತರ, ಲೋಟದಲ್ಲಿ ಗುರುತಿಸಲಾಗದಷ್ಟು ಅಂತರ.

ವಾರನ್ ಕೌಂಟಿಯ ಫೈನ್ಸ್‌ವಿಲ್‌ನಲ್ಲಿ ಆಲ್ಬಾ ತೋಟವಿದೆ. ಅದಿರುವ ಮಸ್ಕೊನೆಟ್‌ಕಾಂಗ್ ಕಣಿವೆಯ ಅಡಿಯಲ್ಲಿ ಶಾಬ್ಲಿಯಂತೆ ಸುಣ್ಣಕಲ್ಲಿದೆ. ಲಾಂಗ್ ಐಲೆಂಡಿನ ನಾರ್ತ್ ಫೋರ್ಕಿನಲ್ಲಿ ಸುಣ್ಣಕಲ್ಲಿಲ್ಲ. ಹಿಮನದಿ ತಂದು ಸುರಿದ ಮರಳು ಮಣ್ಣು, ಮೂರು ಕಡೆ ನೀರು. ಅಲ್ಲಿನ ಕಚೋಗ್‌ನಲ್ಲಿ 1973ರಲ್ಲಿ ಆಲೆಕ್ಸ್ ಮತ್ತು ಲೂಯಿಸಾ ಹಾರ್‌ಗ್ರೇವ್ ದಂಪತಿ ಆಲೂಗಡ್ಡೆ ಹೊಲದಲ್ಲಿ ಬಳ್ಳಿ ನೆಟ್ಟರು. ದ್ವೀಪದ ವೈನ್ ಉದ್ಯಮ ಶುರುವಾದದ್ದು ಅಲ್ಲಿಂದ. ಅದೇ ದ್ವೀಪದ ಬ್ರಿಜ್‌ಹ್ಯಾಂಪ್ಟನ್ನಿನ ಚ್ಯಾನಿಂಗ್ ಡಾಟರ್ಸ್ ಮಾಡುವ ಸ್ಕಟಲ್‌ಹೋಲ್ ಶಾರ್ಡೊನೆ ಸ್ಟೀಲ್ ತೊಟ್ಟಿಯದು, ನಮ್ಮ ಕೆಲಸಕ್ಕೆ ಹೇಳಿಮಾಡಿಸಿದ್ದು. ಇನ್ನೂ ಉತ್ತರಕ್ಕೆ ಹೋದರೆ ಫಿಂಗರ್ ಲೇಕ್ಸ್. ಉಕ್ರೇನಿನಿಂದ ಬಂದ ಡಾ. ಕಾನ್ಸ್ಟಂಟಿನ್ ಫ್ರ್ಯಾಂಕ್, ಈ ಚಳಿಯಲ್ಲಿ ಯುರೋಪಿನ ಬಳ್ಳಿ ಬದುಕದು ಎಂದವರಿಗೆ ಚಳಿ ತಡೆಯುವ ಬೇರಿಗೆ ಕಸಿ ಕಟ್ಟಿ ಉತ್ತರ ಕೊಟ್ಟರು. 1962ರಲ್ಲಿ ಕ್ಯೂಕಾ ಸರೋವರದ ದಡದಲ್ಲಿ ಅವರು ಕಟ್ಟಿದ ವೈನರಿ ಇಂದಿಗೂ ನಡೆಯುತ್ತಿದೆ.

5. ತಣ್ಣಗಿರಲಿ, ಕೊರೆಯುವುದು ಬೇಡ

ಫ್ರಿಜ್ಜಿನೊಳಗೆ ಸುಮಾರು 38 ಡಿಗ್ರಿ ಫ್ಯಾರನ್‌ಹೀಟ್. ಆ ಚಳಿಯಲ್ಲಿ ಘಮವೆಲ್ಲ ಮುದುಡಿ ಬರೀ ಹುಳಿನೀರು ಕುಡಿದಂತಾಗುತ್ತದೆ. ಈ ವೈನಿಗೆ ಬೇಕಾದದ್ದು 50ರಿಂದ 54 ಡಿಗ್ರಿ. ಬಡಿಸುವ ಇಪ್ಪತ್ತು ನಿಮಿಷ ಮುಂಚೆ ಬಾಟಲಿ ಹೊರಗಿಡಿ. ಅತಿಥಿಗಳು ಬಾಗಿಲಿಗೆ ಬಂದಾಗ ಬಾಟಲಿ ಇನ್ನೂ ಬೆಚ್ಚಗಿದ್ದರೆ ಬಕೆಟ್ಟಿಗೆ ಐಸು, ನೀರು, ಒಂದು ಹಿಡಿ ಉಪ್ಪು ಹಾಕಿ ಕಾಲು ಗಂಟೆ ಮುಳುಗಿಸಿ. ಲೋಟಕ್ಕೆ ಐಸು ಹಾಕಬೇಡಿ.

6. ಲೋಟ ಕಿರಿದಾದ ಬಾಯಿಯದು, ತುಂಬುವುದು ಮೂರನೇ ಒಂದು ಭಾಗ

ಮಿಕ್ಕ ಜಾಗ ಘಮಕ್ಕೆ. ಕಾಲು ಹಿಡಿದು ತಿರುಗಿಸಿ. ಬಟ್ಟಲು ಹಿಡಿದರೆ ಅಂಗೈ ಬಿಸಿಗೆ ವೈನ್ ಕಾಯುತ್ತದೆ. ನುಂಗಿದ ಮೇಲೆ ಬಾಯಲ್ಲಿ ನೀರೂರಿತೇ ಗಮನಿಸಿ. ಊರಿದರೆ ಹುಳಿ ಸರಿಯಾಗಿದೆ, ಊಟ ಶುರುಮಾಡಬಹುದು.

7. ಊಟದ ಜೋಡಿಗೆ ನಾಲ್ಕು ಲೆಕ್ಕ ನೆನಪಿಡಿ

ಉಪ್ಪು ವೈನಿನ ಹುಳಿಯನ್ನು ಮೆತ್ತಗೆ ಮಾಡುತ್ತದೆ. ಕರಿದ ಜಿಡ್ಡನ್ನು ಹುಳಿ ತೊಳೆಯುತ್ತದೆ. ಖಾರ ಆಲ್ಕೋಹಾಲಿನ ಉರಿಯನ್ನು ಹೆಚ್ಚಿಸುತ್ತದೆ. ಸಿಹಿ ತಿಂದ ಬಾಯಿಗೆ ಒಣ ವೈನ್ ಕಹಿ, ಹುಳಿ. ಉಳಿದದ್ದೆಲ್ಲ ಈ ನಾಲ್ಕರ ಮೇಲೆ ನಿಲ್ಲುತ್ತದೆ.

ಮೊದಲ ಪರೀಕ್ಷೆ ಮೀನಿನ ರವಾ ಫ್ರೈ. ನಮ್ಮ ಕಾಣೆಯ ಬದಲಿಗೆ ಇಲ್ಲಿ ವೈಟಿಂಗ್ ಅಥವಾ ಜೆರ್ಸಿ ಕರಾವಳಿಯ ಫ್ಲೂಕ್ ತನ್ನಿ. ಮಸಾಲೆಯಲ್ಲಿ ಮೆಣಸಿನಪುಡಿ ಅರ್ಧ ಮಾಡಿ, ಹುಣಸೆಯ ಬದಲು ನಿಂಬೆ ಹಿಂಡಿ, ಉಪ್ಪು ಒಂದು ಚಿಟಿಕೆ ಮುಂದಿರಲಿ. ಕಾದ ಕಾವಲಿಯಲ್ಲಿ ರವೆಯ ಅಂಚು ಕಂದಾಗಿ ಗರಿಗರಿಯಾದ ಕೂಡಲೇ ತಟ್ಟೆಗಿಳಿಸಿ, ಬಿಸಿಯಲ್ಲೇ ಒಂದು ತುಂಡು ಬಾಯಿಗಿಡಿ, ಅದರ ಹಿಂದೆಯೇ ಒಂದು ಗುಟುಕು. ಎಣ್ಣೆಯ ಪಸೆ ಹೋಗಿ ಮೀನಿನ ಸಿಹಿ ಮೇಲೆ ಬರುತ್ತದೆ, ವೈನಿನಲ್ಲಿ ಅಡಗಿದ್ದ ಉಪ್ಪು ತಟ್ಟನೆ ಕಾಣುತ್ತದೆ.

ಫ್ರಾನ್ಸಿನವರು ಶಾಬ್ಲಿಗೆ ಸಿಂಪಿ ಜೋಡಿಸುತ್ತಾರೆ. ಲಾಂಗ್ ಐಲೆಂಡಿನ ಬ್ಲೂ ಪಾಯಿಂಟ್ ಸಿಂಪಿ ಹಸಿಯಾಗಿ ತಿನ್ನಲು ಮನಸ್ಸಾಗದಿದ್ದರೆ ಲಿಟ್ಲ್‌ನೆಕ್ ಕ್ಲಾಮ್ ತಂದು ಮಂಗಳೂರಿನ ಕಡೆಯ ಮರ್ವಾಯಿಯಂತೆ ತೆಂಗಿನತುರಿ ಹಾಕಿ ಬೇಯಿಸಿ, ನೀರುದೋಸೆಯ ಜೊತೆ ಬಡಿಸಿ. ಬಾರ್ನೆಗಾಟ್ ಲೈಟಿನ ಸ್ಕ್ಯಾಲಪ್ ಸಿಕ್ಕರೆ ತುಪ್ಪದಲ್ಲಿ ಎರಡೂ ಬದಿ ಕೆಂಪಗೆ ಹುರಿದು ಮೇಲೆ ಕರಿಬೇವಿನ ಒಗ್ಗರಣೆ.

ಸಸ್ಯಾಹಾರಿಗಳಿಗೆ ಇಲ್ಲಿ ಕೊರತೆಯೇ ಇಲ್ಲ. ಹೆಸರುಬೇಳೆ ಕೋಸಂಬರಿ, ಅಂಬೊಡೆ, ನಿಂಬೆಹಣ್ಣಿನ ಚಿತ್ರಾನ್ನ, ಬೂದುಗುಂಬಳದ ಮಜ್ಜಿಗೆಹುಳಿ, ಒಂದೆಲಗದ ತಂಬುಳಿ. ಇವುಗಳಲ್ಲಿ ನನ್ನ ಮೆಚ್ಚಿನದು ಮಜ್ಜಿಗೆಹುಳಿ. ಅದರ ಹುಳಿ ಮತ್ತು ವೈನಿನ ಹುಳಿ ಸರಿಸಮವಾಗಿ ನಿಂತು, ನಡುವೆ ತೆಂಗು ಮೆತ್ತಗೆ ಹರಡುತ್ತದೆ.

8. ಇವುಗಳ ಜೊತೆ ಮಾತ್ರ ಬೇಡ

ಪುಳಿಯೋಗರೆ, ಗೊಜ್ಜುಗಳ ಗಟ್ಟಿ ಹುಣಸೆಯ ಮುಂದೆ ವೈನ್ ಸಪ್ಪೆಯಾಗುತ್ತದೆ. ಬಿಸಿಬೇಳೆಬಾತಿನ ಚಕ್ಕೆ, ಮರಾಠಿಮೊಗ್ಗು ಅದರ ಘಮವನ್ನು ಮುಚ್ಚಿಹಾಕುತ್ತವೆ. ಹೋಳಿಗೆ ಬಂದ ಕೂಡಲೇ ಲೋಟ ಪಕ್ಕಕ್ಕಿಡಿ. ಕುಂದಾಪುರದ ಚಿಕನ್ ಘೀ ರೋಸ್ಟ್ ಮಾಡಿದ ದಿನ ಫಿಂಗರ್ ಲೇಕ್ಸಿನ ತುಸು ಸಿಹಿಯಿರುವ ರೀಸ್ಲಿಂಗ್ ತೆರೆಯಿರಿ. ಆ ಖಾರಕ್ಕೆ ಅದೇ ಸರಿ.

9. ನ್ಯೂಜೆರ್ಸಿಯ ಅನುಕೂಲವೊಂದನ್ನು ಬಳಸಿಕೊಳ್ಳಿ

ಇಲ್ಲಿ ಮದ್ಯದ ಲೈಸೆನ್ಸ್ ವಿರಳ, ದುಬಾರಿ. ಹಾಗಾಗಿ ಲೈಸೆನ್ಸ್ ಇಲ್ಲದ ಎಷ್ಟೋ ಹೋಟೆಲುಗಳಿಗೆ ನಾವೇ ವೈನ್ ಒಯ್ಯಬಹುದು. ಬಾಟಲಿ ತೆರೆದುಕೊಟ್ಟದ್ದಕ್ಕೆ ಅವರು ಶುಲ್ಕ ಹಾಕುವಂತಿಲ್ಲ. ಅವಕಾಶವಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ, ತಣ್ಣಗಿಡುವ ಚೀಲದಲ್ಲಿ ಬಾಟಲಿ ಒಯ್ಯಿರಿ. ತುಪ್ಪದ ದೋಸೆಗೂ ತೆಂಗಿನ ಚಟ್ನಿಗೂ ಸ್ಟೀಲ್ ತೊಟ್ಟಿಯ ಶಾರ್ಡೊನೆ ಜೋಡಿಸಿ ನೋಡಿ.

10. ಉಳಿದದ್ದನ್ನು ಚೆಲ್ಲಬೇಡಿ

ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ತಡೆಯುತ್ತದೆ. ಎಳೆಯ ಶಾಬ್ಲಿ ಎರಡನೇ ದಿನ ಇನ್ನೂ ಚೆನ್ನಾಗಿ ಬಿಚ್ಚಿಕೊಳ್ಳುವುದೂ ಉಂಟು.

11. ಬೇಡ ಎಂದವರನ್ನು ಒತ್ತಾಯಿಸಬೇಡಿ

ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ, ಕುಡಿಯದ ಗೆಳೆಯರಿದ್ದರೆ, ಅವರಿಗೆ ಪಾನಕವೋ ನೀರುಮಜ್ಜಿಗೆಯೋ ಅದೇ ಚೆಂದದ ಲೋಟದಲ್ಲಿ, ಅದೇ ಗೌರವದಿಂದ ಕೊಡಿ. ಒಂದು ಬಾಟಲಿಗೆ 750 ಮಿಲಿಲೀಟರ್, ಐದು ಲೋಟ. ನಾಲ್ವರಿಗೆ ಒಂದು ಬಾಟಲಿ ಧಾರಾಳ. ತೋಟಗಳಿಗೆ ಹೋಗುವ ದಿನ ಕಾರು ಓಡಿಸುವವರು ಯಾರೆಂದು ಹೊರಡುವ ಮುಂಚೆಯೇ ಗೊತ್ತುಮಾಡಿ, ಅವರು ರುಚಿ ನೋಡಿ ಉಗುಳಲಿ. ಅದಕ್ಕೆಂದೇ ಅಲ್ಲಿ ಪಾತ್ರೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಅವರ ಪಾಲಿನ ಬಾಟಲಿಯನ್ನು ಕೊಂಡು ಮನೆಗೆ ತನ್ನಿ.